ಹಿನ್ನೀರಿನ ಕೊಳ್ಳಕ್ಕೆ ನಾಲ್ಕು ಗಾಲಿಯ ಮೇಲೆ

ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ಮೊದಲ ಬಸ್ಸು ಹಿಡಿದು ನಾವಿಬ್ಬರು ಹೊರಟೆವು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮೇ ತಿಂಗಳ ನಡುವಿನ ದಿನ, ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾದ ನನಗೆ ರಜೆ. ಜೊತೆಗಿದ್ದವಳು ನನ್ನ ದೊಡ್ಡವ್ವ ನೀಲವ್ವ, ನನ್ನ ತಾಯಿಯ ಅಕ್ಕ. ಎಪ್ಪತ್ತು ದಾಟಿದವಳು, ಬಲಗಾಲಿನ ಮೊಣಕಾಲು ಮಡಚಲಾರದವಳು, ತಾಯಿಯಿಲ್ಲದ ನನ್ನನ್ನು ಸಾಕಿ ಶಾಲೆ ಕಲಿಸಿದವಳು. ಅವಳ ಕೈಚೀಲದಲ್ಲಿ ವಿಭೂತಿ, ಹಿತ್ತಲಿನ ಗಿಡದ ಬಿಲ್ವಪತ್ರಿ, ನೀರು ತುಂಬಿ ಬಾಯಿ ಕಟ್ಟಿದ ತಾಮ್ರದ ತಂಬಿಗೆ, ಒಂದು ಟವೆಲ್ಲಿನಲ್ಲಿ ಸುತ್ತಿದ ಕುರ್ಪಿ ಇದ್ದವು. ಚೀಟಿ ಹರಿಯುವಾಗ ಕಂಡಕ್ಟರನ ಕಣ್ಣಿಗೆ ಕುರ್ಪಿಯ ಹಿಡಿಕೆ ಬಿತ್ತು.

"ಏನಜ್ಜಿ, ಕಳೆ ತಗಿಯಾಕ ಹೊಂಟೀರೇನ್ರಿ?"

"ಹೂಂನಪಾ. ಭಾಳ ವರ್ಷದ್ದು ಉಳದೈತಿ," ಅಂದಳು ದೊಡ್ಡವ್ವ.

ಅವಳು ಹೊರಟದ್ದು ಯಾತಕ್ಕೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ಅವರವರ ಇಷ್ಟಲಿಂಗ ಇರುತ್ತದೆ. ಬೆಳ್ಳಿಯ ಕರಡಿಗೆಯೊಳಗೆ ಅದನ್ನಿಟ್ಟು ದಾರದಿಂದ ಕಟ್ಟಿಕೊಳ್ಳುತ್ತೇವೆ, ದಿನಾ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ತುತ್ತು ಎತ್ತುವುದಿಲ್ಲ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಸತ್ತಾಗ ಸುಡುವುದಿಲ್ಲ, ಕೂತ ಭಂಗಿಯಲ್ಲಿ ಮಣ್ಣು ಮಾಡುತ್ತೇವೆ. ಆಗ ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಸಮಾಧಿ ಮುಚ್ಚುತ್ತೇವೆ.

ನನ್ನ ತಾಯಿ ಬಸವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ತವರಿಗೆ ಬಂದವಳಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಕಡೆಯ ದಿನಗಳಲ್ಲಿ ಅವಳಿಗೆ ಕೈ ಎತ್ತುವ ಶಕ್ತಿ ಇರಲಿಲ್ಲ. ಪೂಜೆ ತಪ್ಪಬಾರದೆಂದು ದೊಡ್ಡವ್ವ ಎರಡೂ ಲಿಂಗಗಳನ್ನು ಒಂದೇ ಅಂಗೈಯಲ್ಲಿಟ್ಟುಕೊಂಡು ಇಬ್ಬರ ಪೂಜೆಯನ್ನೂ ತಾನೇ ಮಾಡುತ್ತಿದ್ದಳು. ಅಕ್ಕತಂಗಿಯರಿಗೆ ಒಂದೇ ದಿನ ಒಬ್ಬರೇ ಸ್ವಾಮಿಗಳು ಕಟ್ಟಿದ ಲಿಂಗಗಳು, ನೋಡಲು ಒಂದೇ ಥರ. ತೀರಿಕೊಂಡ ಬೆಳಗ್ಗೆ ಪೂಜೆ ಮುಗಿಯುವ ಮೊದಲೇ ತಂಗಿಯ ಉಸಿರು ಏರುಪೇರಾಯಿತು. ದೊಡ್ಡವ್ವ ಗಾಬರಿಯಲ್ಲಿ ಒಂದನ್ನು ತಂಗಿಯ ಕೊರಳಿಗೆ ಕಟ್ಟಿ, ಒಂದನ್ನು ತಾನು ಕಟ್ಟಿಕೊಂಡಳು. ಮಳೆ ಜೋರಿತ್ತು, ಹೊಳೆ ತುಂಬಿತ್ತು, ಗಂಡನ ಊರಿಗೆ ಒಯ್ಯುವ ಹಾಗಿರಲಿಲ್ಲ. ಅಪ್ಪನ ಹೊಲದಲ್ಲೇ ಮಣ್ಣು ಮಾಡಿದರು. ಮರುದಿನ ಪೂಜೆಗೆ ಕೂತು ಕರಡಿಗೆ ತೆಗೆದಾಗ ದೊಡ್ಡವ್ವನಿಗೆ ಗೊತ್ತಾಯಿತು. ಅವಳ ಲಿಂಗದ ಬುಡದಲ್ಲಿ ಚಿಕ್ಕಂದಿನಲ್ಲಿ ಕಲ್ಲಿಗೆ ತಾಗಿದ ಒಂದು ಗಾಯವಿತ್ತು. ಅಂಗೈಯಲ್ಲಿದ್ದ ಲಿಂಗದ ಬುಡ ನುಣ್ಣಗಿತ್ತು.

ನಾಲ್ವತ್ತು ವರ್ಷ ಯಾರಿಗೂ ಹೇಳದೆ ಅವಳು ತಂಗಿಯ ಲಿಂಗವನ್ನೇ ಪೂಜಿಸಿಕೊಂಡು ಬಂದಳು. ಹಿಂದಿನ ವರ್ಷ ತಾನೇ ಹಾಸಿಗೆ ಹಿಡಿದಾಗ ಅವಳಿಗೆ ಭಯ ಹತ್ತಿತು. "ನಾ ಸತ್ತರ ನನ್ನ ಕೈಯಾಗ ಯಾರದ್ದ ಇಡತೀರಿ?" ಎಂದು ನನ್ನನ್ನು ಕೇಳಿದಳು. ಮಠದ ಸ್ವಾಮಿಗಳ ಮುಂದೆ ಹೋಗಿ ಎಲ್ಲ ಹೇಳಿಕೊಂಡಳು. ಅವರು ಬಯ್ಯಲಿಲ್ಲ. "ಆಕೀದನ್ನ ಆಕಿ ಮಣ್ಣಿಗೆ ಮುಟ್ಟಿಸಿ ಬಾ ತಾಯಿ. ನಿನಗ ಹೊಸಾದು ಕಟ್ಟತೇನಿ," ಅಂದರು.

ಆದರೆ ಆ ಮಣ್ಣು ನೀರಿನೊಳಗಿತ್ತು. ನವಿಲುತೀರ್ಥದಲ್ಲಿ ಆಣೆಕಟ್ಟು ಕಟ್ಟಿದ ಮೇಲೆ ದೊಡ್ಡವ್ವನ ತವರೂರು ಮಲಪ್ರಭೆಯ ಹಿನ್ನೀರಿನಲ್ಲಿ ಮುಳುಗಿತು, ಜನ ಮೇಲಿನ ಹೊಸ ಊರಿಗೆ ಹೋದರು. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಹಳೇ ಊರು ಒಂದೆರಡು ತಿಂಗಳು ಮುಖ ತೋರಿಸುತ್ತದೆ. ಅಲ್ಲಿಗೆ ರಸ್ತೆಯಿಲ್ಲ. ಬಂಡೆಗಲ್ಲಿನ ಕೊಳ್ಳದಲ್ಲಿ ಜೀಪು ಇಳಿಯುವುದಿಲ್ಲ, ಕೆಳಗಿನ ಹೂಳಿನಲ್ಲಿ ಚಕ್ಕಡಿ ಹೂತುಹೋಗುತ್ತದೆ, ದೊಡ್ಡವ್ವನ ಕಾಲಿಗೆ ನಡಿಗೆ ಆಗದು. ಹೀಗಿರುವಾಗ ನನ್ನ ಜೊತೆಯ ಶಿಕ್ಷಕಿಯೊಬ್ಬರು ಒಂದು ಸುದ್ದಿ ತಂದರು. ಬೆಳಗಾವಿಯ ಒಬ್ಬರು ಗೋವಾದಿಂದ ಹಳೆಯ ನಾಲ್ಕು ಗಾಲಿಯ ಬೈಕುಗಳನ್ನು ತಂದು, ಸವದತ್ತಿ ಗುಡ್ಡದ ಹಿಂದಿನ ಕೊಳ್ಳಗಳಲ್ಲಿ ಪ್ರವಾಸಿಗರನ್ನು ತಿರುಗಿಸುತ್ತಾರೆ, ಜೊತೆಗೆ ಗೈಡು ಇರುತ್ತಾನೆ, ಬಂಡೆಯ ಮೇಲಿನಿಂದ ಹಿನ್ನೀರು ಕಾಣುತ್ತದೆ. "ಹಿನ್ನೀರು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ನನಗೆ ಹೋಗುವ ಮನಸ್ಸಿರಲಿಲ್ಲ. ಬೈಕಿನ ಹೆದರಿಕೆ ಒಂದು ನೆವ, ನಿಜವಾದ ಕಾರಣ ಬೇರೆ. ನನ್ನ ತಾಯಿಯ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಅವಳ ಮುಖ ನನಗೆ ನೆನಪಿಲ್ಲ. ಅವಳ ಮೈಮೇಲಿದ್ದದ್ದು ಏನಾದರೂ ಈ ಭೂಮಿಯ ಮೇಲೆ ಉಳಿದಿದ್ದರೆ ಅದು ದೊಡ್ಡವ್ವನ ಕೊರಳಲ್ಲಿತ್ತು. ಅದನ್ನೂ ಹೂಳಿ ಬರುವ ಕೆಲಸಕ್ಕೆ ನಾನೇ ಜೊತೆಗಾತಿ. ಬೇಡವೆಂದು ಬಾಯಿ ಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಯರಗಟ್ಟಿಯಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸವದತ್ತಿಯ ಬಸ್ಸು ಅರ್ಧ ತಾಸು ತಡ. ಗೋವಿನಜೋಳದ ಚೀಲ ತುಂಬಿದ ಟ್ರ್ಯಾಕ್ಟರುಗಳು ಪೇಟೆಯ ಕಡೆ ಸಾಲು ಹಿಡಿದಿದ್ದವು. ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಚುರುಮುರಿಯ ಗಿರ್ಮಿಟ್ಟು ಮತ್ತು ಮೆಣಸಿನಕಾಯಿ ಭಜಿ ಚೆನ್ನಾಗಿದ್ದವು. ಚಹಾ ಮಾತ್ರ ಸಕ್ಕರೆಯ ಪಾಕ. ದೊಡ್ಡವ್ವ ನೀರನ್ನೂ ಮುಟ್ಟಲಿಲ್ಲ. ಇವತ್ತಿನ ಪೂಜೆ ತಂಗಿಯ ಸಮಾಧಿಯ ಮೇಲೇ ಆಗಬೇಕು, ಅಲ್ಲಿಯವರೆಗೆ ಹನಿ ನೀರೂ ಬೇಡ ಎಂದು ಹಟ ಹಿಡಿದಿದ್ದಳು. ನಾನು ಅವಳ ಮುಂದೆ ಭಜಿ ತಿನ್ನಲಾರದೆ ಕಂಬದ ಮರೆಗೆ ಹೋಗಿ ತಿಂದೆ. ಹಸಿವಿನ ವಿಷಯದಲ್ಲಿ ನಾನು ಗಟ್ಟಿ ಹೆಣ್ಣಲ್ಲ.

ಮುನವಳ್ಳಿ ದಾಟಿ ಗುಡ್ಡದ ಬುಡದ ತಿರುವಿನಲ್ಲಿ ಇಳಿದೆವು. ಅಲ್ಲಿಂದ ಒಂದು ಮೈಲು ದೂರದ ತಗಡಿನ ಶೆಡ್ಡಿಗೆ ದೊಡ್ಡವ್ವನನ್ನು ಒಬ್ಬರ ಹಾಲಿನ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಶೆಡ್ಡಿನ ಮುಂದೆ ಮೂರು ಬೈಕು ನಿಂತಿದ್ದವು. ಬೈಕು ಅನ್ನುವುದಕ್ಕಿಂತ ಗಿಡ್ಡ ಟ್ರ್ಯಾಕ್ಟರು ಅನ್ನಬೇಕು: ಉಬ್ಬಿದ ನಾಲ್ಕು ಗಾಲಿ, ನಡುವೆ ಕುದುರೆಯ ಜೀನಿನಂಥ ಸೀಟು. ಕಿತ್ತೂರಿನಿಂದ ಬಂದ ಹೊಸ ಗಂಡಹೆಂಡತಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಗೈಡಿನ ಹೆಸರು ರಫೀಕ, ಮುನವಳ್ಳಿಯವನು, ಮೂವತ್ತೈದರ ಹತ್ತಿರದ ಮಾತುಗಾರ. ದೊಡ್ಡವ್ವನನ್ನು ನೋಡಿ ಅವನು ಕೈ ಅಡ್ಡ ಹಿಡಿದ.

"ಅರವತ್ತ ದಾಟಿದವ್ರನ್ನ ಕೂಡಸಾಂಗಿಲ್ರೀ ಅಕ್ಕಾರ. ಮಾಲಕರ ಕಟ್ಟಪ್ಪಣಿ ಐತಿ."

"ನಿಮ್ಮ ಮಾಲಕ ಎಲ್ಲಿದ್ದಾನು?" ದೊಡ್ಡವ್ವ ಕೇಳಿದಳು.

"ಬೆಳಗಾವ್ಯಾಗ್ರಿ."

"ಮತ್ತ ಆತಲ್ಲ. ಬೆಳಗಾವಿಗೆ ನನ್ನ ವಯಸ್ಸ ಕಾಣಸಾಂಗಿಲ್ಲ."

ರಫೀಕ ನಕ್ಕುಬಿಟ್ಟ. ಹಾಗಾದರೆ ಅಜ್ಜಿ ತನ್ನ ಹಿಂದೆಯೇ ಕೂರಬೇಕು, ಮೂರನೆಯ ಬೈಕನ್ನು ನಾನೇ ಓಡಿಸಬೇಕು ಅಂದ. ನಾನು ಸೈಕಲ್ಲನ್ನೂ ತುಳಿದವಳಲ್ಲ. ಅವನು ಬಲಗೈ ಹೆಬ್ಬೆರಳಿನ ಕೆಳಗಿನ ಗುಂಡಿ ತೋರಿಸಿದ: ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಷ್ಟರಲ್ಲಿ ದೊಡ್ಡವ್ವ ಶೆಡ್ಡಿನ ಹಿಂದೆ ಹೋಗಿ ಇಲಕಲ್ಲ ಸೀರೆಯನ್ನು ಹೊಲದ ಕೆಲಸಕ್ಕೆ ಹಾಕುವ ಹಾಗೆ ಕಚ್ಚೆ ಹಾಕಿಕೊಂಡು ಬಂದಿದ್ದಳು. ಹೆಲ್ಮೆಟ್ಟು ಹಾಕಿಸಿದ ಮೇಲೆ ಅದರ ಮೇಲೆ ಸೆರಗು ಹೊದ್ದಳು. ಕಿತ್ತೂರಿನ ಹುಡುಗಿ ಫೋಟೋ ತೆಗೆಯಲೇ ಎಂದು ಕೇಳಿದಾಗ, "ಬರೂಮುಂದ ತಗೀವಾ," ಅಂದಳು.

ಮೊದಲ ಕೊಳ್ಳ ಬತ್ತಿದ ಹಳ್ಳದ ತಳ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆಗಳು, ಗೋಡೆಯಲ್ಲಿ ಪದರ ಪದರವಾದ ಬಂಡೆ, ಸಂದಿಯಲ್ಲಿ ಕಳ್ಳಿ ಮತ್ತು ಕಾರೆಯ ಕಂಟಿ. ಗಾಳಿ ಇರಲಿಲ್ಲ. ಕಲ್ಲಿನ ಕಾವು ಮುಖಕ್ಕೆ ಒಲೆಯ ಮುಂದೆ ಕೂತ ಹಾಗೆ ಬಡಿಯುತ್ತಿತ್ತು. ನನ್ನ ಬೈಕು ಒಂದೊಂದು ಕಲ್ಲಿಗೂ ನಿಂತು ನಮಸ್ಕಾರ ಮಾಡುತ್ತಿತ್ತು. ಹ್ಯಾಂಡಲ್ಲು ಎಳೆಯುತ್ತದೆ ಎಂದು ನಾನು ದೂರಿದಾಗ ಮುಂದಿನಿಂದ ದೊಡ್ಡವ್ವನ ದನಿ ಬಂತು: "ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ." ಅವಳು ರಫೀಕನ ಹೆಗಲು ಹಿಡಿದು ನೆಟ್ಟಗೆ ಕೂತಿದ್ದಳು. ಅವಳ ಇನ್ನೊಂದು ಕೈ ಎದೆಯ ಮೇಲೆ, ಸೀರೆಯೊಳಗಿನ ಕರಡಿಗೆಯ ಮೇಲೆ ಇತ್ತು.

ಎರಡನೆಯ ಕೊಳ್ಳ ಇಕ್ಕಟ್ಟು. ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಒಂದೇ ಬೈಕು ಹಾಯುವಷ್ಟು ದಾರಿ. ಅಲ್ಲಿ ನೆರಳಿತ್ತು, ಕಾಡುಪಾರಿವಾಳಗಳ ಗುಂಪೊಂದು ಎಂಜಿನ್ನಿನ ಸದ್ದಿಗೆ ಎದ್ದು ಹಾರಿತು. ರಫೀಕ ಗಾಡಿ ನಿಲ್ಲಿಸಿ, ಇಲ್ಲಿ ಒಂದು ಸಿನಿಮಾದ ಹೊಡೆದಾಟ ತೆಗೆದರು ಎಂದು ಶುರು ಮಾಡಿದ. ಯಾವ ಸಿನಿಮಾ ಎಂದು ಕಿತ್ತೂರಿನ ಹುಡುಗ ಕೇಳಿದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಅಂದ. ಅಲ್ಲಿಂದ ದಾರಿ ಮೇಲೆ ಹತ್ತಿತು. ಹತ್ತಿದ ಮೇಲೆ ಒಂದು ಚಪ್ಪಟೆ ಬಂಡೆ, ಅದರಾಚೆ ಬಯಲು, ಬಯಲಿನ ಕೊನೆಗೆ ಹಿನ್ನೀರು ಬಿಳಿ ಗೆರೆಯಾಗಿ ಕಂಡಿತು.

"ಇಲ್ಲಿಗೆ ಮುಗೀತ್ರಿ. ಫೋಟೋ ತಕ್ಕೊರ್ರಿ, ಹೊಳ್ಳಿ ಹೋಗೂಣು," ಅಂದ ರಫೀಕ.

ದೊಡ್ಡವ್ವ ಇಳಿದು ಬಂಡೆಯ ಅಂಚಿಗೆ ಹೋದಳು. ಕೆಳಗೆ ನೀರು ಬಿಟ್ಟ ಬೂದು ನೆಲ ಹರಡಿತ್ತು. ಅಲ್ಲಲ್ಲಿ ಮೊಂಡು ಗೋಡೆಗಳು, ಒಂದು ಕಲ್ಲಿನ ಕಟ್ಟೆ, ಅದರಾಚೆ ಹಸಿರು ಪಟ್ಟಿಗಳು. ಅವಳು ಆ ಕಟ್ಟೆಯ ಕಡೆ ಬೆರಳು ಮಾಡಿದಳು.

"ಅದು ಹನಮಪ್ಪನ ಗುಡಿ ಕಟ್ಟಿ. ಅಲ್ಲಿಗೆ ಕರಕೊಂಡ ಹೋಗಪಾ."

"ಕೆಳಗ ಇಳಿಯಾಂಗಿಲ್ರೀ ಅಜ್ಜಿ. ಹೂಳ ಐತಿ. ಮ್ಯಾಲೆ ಒಣಗಿದ್ದು ಕಾಣತೈತಿ, ಒಳಗ ಹಸೀ ಇರತೈತಿ. ಗಾಡಿ ಸಿಕ್ಕೊಂತಂದ್ರ ನನ್ನ ನೌಕರಿ ಹೋತು."

ನಾನು ಅವನ ಮಾತಿಗೆ ತಲೆಯಾಡಿಸಿದೆ. ಒಳಗೊಳಗೆ ನನಗೆ ಹಗುರಾಗಿತ್ತು: ಇನ್ನು ಹೂಳುವುದು ತಪ್ಪಿತು, ಬಂದಂತೆ ಹೋಗಬಹುದು. ದೊಡ್ಡವ್ವ ಮಾತ್ರ ಅವನ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಜ್ವರ, ಒಂದೇ ಅಂಗೈಯ ಎರಡು ಲಿಂಗ, ಅದಲುಬದಲಾದದ್ದು, ಸ್ವಾಮಿಗಳ ಮಾತು. ನಾಲ್ವತ್ತು ವರ್ಷ ಮುಚ್ಚಿಟ್ಟದ್ದನ್ನು ಅವಳು ಒಬ್ಬ ಗುರುತಿಲ್ಲದವನ ಮುಂದೆ, ಮದುಮಕ್ಕಳ ಮುಂದೆ, ಬಿಸಿಲಿನಲ್ಲಿ ನಿಂತು ಹೇಳಿದಳು. ಕಿತ್ತೂರಿನ ಹುಡುಗಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು.

ರಫೀಕ ಕೆಳಗೆ ನೋಡುತ್ತ ನಿಂತ. "ನಮ್ಮ ಅಜ್ಜಾನ ಗೋರೀನೂ ಅಲ್ಲೇ ಐತ್ರಿ," ಅಂದ. "ಆ ಕಟ್ಟಿಯಿಂದ ಮೂಡಲಕ್ಕ ನಮ್ಮ ಖಬರಸ್ತಾನ ಇತ್ತಂತ. ನಮ್ಮಪ್ಪ ಇಲ್ಲೆ ನಿಂತ ತೋರಸ್ತಿದ್ದ. ಕೆಳಗ ನಾನೂ ಯಾವತ್ತೂ ಹೋಗಿಲ್ಲ." ಹೆಲ್ಮೆಟ್ಟು ತಲೆಗೇರಿಸಿದ. "ಕುಂಡ್ರಿ ಅಜ್ಜಿ. ಗಟ್ಟಿ ಹಿಡ್ಕೋರ್ರಿ. ಅಕ್ಕಾರ, ನನ್ನ ಗಾಲಿ ಗೆರಿ ಬಿಟ್ಟ ಅತ್ತಿತ್ತ ಹೋಗಬ್ಯಾಡ್ರಿ."

ನಾನು ಗೆರೆ ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ, ಹೆಬ್ಬೆರಳು ಸೋತಿತ್ತು. ಬೈಕಿನ ಹಿಂದಿನ ಗಾಲಿಗಳು ಒಂದು ಮೊಳ ಹೂತವು. ಕಿತ್ತೂರಿನ ಇಬ್ಬರೂ ಪಾದರಕ್ಷೆ ಬಿಚ್ಚಿ ಕೆಸರಿಗಿಳಿದು ನೂಕಿದರು. ಹುಡುಗಿಯ ಹೊಸ ಸೀರೆ ಮೊಣಕಾಲಿನವರೆಗೆ ಕೆಸರಾಯಿತು. ನಾನು ಕ್ಷಮೆ ಕೇಳಿದರೆ, "ತೊಳೀತೈತಿ ಬಿಡ್ರಿ ಅಕ್ಕಾರ. ಅಮ್ಮಾರ ಪೂಜಿಗೆ ಹೊತ್ತಾಕ್ಕೈತಿ," ಅಂದಳು.

ಹಳೇ ಊರಿನಲ್ಲಿ ಸದ್ದೇ ಇರಲಿಲ್ಲ. ಎಂಜಿನ್ನು ನಿಲ್ಲಿಸಿದ ಮೇಲೆ ಕಿವಿ ತುಂಬಿದ ಮೌನ. ಒಣಗಿದ ಹೂಳು ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಸಿಂಪಿಯ ಚಿಪ್ಪುಗಳು. ಗೋಡೆಗಳು ಮೊಣಕಾಲಿನ ಎತ್ತರಕ್ಕೆ ಉಳಿದಿದ್ದವು. ಒಂದು ಬಾಗಿಲ ಹೊಸ್ತಿಲ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ದೊಡ್ಡವ್ವ ಅದನ್ನು ದಾಟುವ ಬದಲು ಸುತ್ತಿಕೊಂಡು ಹೋದಳು. ಕಟ್ಟೆಯ ಹತ್ತಿರ ನಿಂತು ಗುಡ್ಡದ ಕಣಿವೆಯ ಕಡೆ ಮುಖ ಮಾಡಿ, ನನ್ನ ತೋಳು ಹಿಡಿದು ಕುಂಟುತ್ತ ನಡೆದಳು. ಹೊಲದ ಬದುವಿಗೆ ಒಂದು ಬನ್ನಿಗಿಡ, ಅದರ ಬುಡದಲ್ಲಿ ಸಮಾಧಿಯ ಕಲ್ಲು ಇರಬೇಕಿತ್ತು. ಗಿಡವೂ ಇರಲಿಲ್ಲ, ಬದುವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಊರಿಗಿಂತ ತಗ್ಗಿನ ಆ ಹೊಲದಲ್ಲಿ ಆಳು ಮುಳುಗುವಷ್ಟು ಹೂಳು ಎಲ್ಲವನ್ನೂ ಸಮ ಮಾಡಿತ್ತು. ನೀರು ಇಳಿದ ನೆಲದಲ್ಲಿ ಹೊಸ ಊರಿನ ಯಾರೋ ಸವತೆಕಾಯಿ ಹಾಕಿದ್ದರು. ಬಳ್ಳಿಗಳು ನೆಲದ ತುಂಬ ಹಬ್ಬಿ, ಹಳದಿ ಹೂ ಬಿಟ್ಟಿದ್ದವು.

ಅವಳು ನಾಲ್ಕು ಸಲ ಜಾಗ ಬದಲಿಸಿದಳು. "ಇಲ್ಲೆ ಇರಬೇಕ," ಅನ್ನುವಳು, ಮತ್ತೆ ಕಟ್ಟೆಯ ಕಡೆ ನೋಡಿ ಹತ್ತು ಹೆಜ್ಜೆ ಸರಿಯುವಳು. ಅವಳ ತುಟಿಗಳು ಒಣಗಿ ಬಿಳಿಯಾಗಿದ್ದವು. ಕಡೆಗೆ ಎರಡು ಬಳ್ಳಿಯ ಸಾಲುಗಳ ನಡುವೆ ಕಾಲು ಚಾಚಿ ಕೂತುಬಿಟ್ಟಳು.

"ಎಲ್ಲಿ ಅಂತ ಹುಡುಕೂದು. ಈ ಹೊಲಾ ಪೂರಾ ಆಕೀದ."

ರಫೀಕ ಆಗಲೇ ಮೂಡಲ ಕಡೆ ಸ್ವಲ್ಪ ದೂರ ಹೋಗಿ, ತಲೆಗೆ ಕರವಸ್ತ್ರ ಕಟ್ಟಿ, ಎರಡೂ ಅಂಗೈ ಎತ್ತಿ ನಿಂತಿದ್ದ. ಕಿತ್ತೂರಿನವರು ಕಟ್ಟೆಯ ಮೇಲೆ ಕೂತರು. ದೊಡ್ಡವ್ವ ಕರಡಿಗೆ ತೆಗೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ತಂಬಿಗೆಯ ನೀರೆರೆದಳು, ವಿಭೂತಿ ಧರಿಸಿದಳು, ಪತ್ರಿ ಏರಿಸಿದಳು. ಕಣ್ಣು ಲಿಂಗದ ಮೇಲೆ ನೆಟ್ಟು ಅಲುಗಾಡದೆ ಕೂತಳು. ಬಿಸಿಲು ನೆತ್ತಿಗೆ ಬಂದಿತ್ತು. ನಾನು ನನ್ನ ಸೆರಗನ್ನು ಅವಳ ತಲೆಯ ಮೇಲೆ ಹಿಡಿದು ನಿಂತೆ. ನಾಲ್ವತ್ತು ದಾಟಿದ ಹೆಂಗಸು ನಾನು, ಆ ಹೊತ್ತು ಮೂರು ವರ್ಷದವಳ ಹಾಗೆ ಮನಸ್ಸಿನಲ್ಲಿ ಬೇಡುತ್ತಿದ್ದೆ: ಬೇಡ ದೊಡ್ಡವ್ವ, ಅದನ್ನು ಇಲ್ಲಿ ಬಿಡಬೇಡ.

ಪೂಜೆ ಮುಗಿಸಿ ಅವಳು ಕುರ್ಪಿಯ ಕಡೆ ಕೈ ಮಾಡಿದಳು. ನಾನು ಅದನ್ನು ಬಿಚ್ಚಿ ಮೊಣಕಾಲೂರಿ ಒಂದು ಬಳ್ಳಿಯನ್ನು ಪಕ್ಕಕ್ಕೆ ಸರಿಸಿದೆ. ನೆಲಕ್ಕೆ ಕುರ್ಪಿ ಊರಿದೆ, ಮುಂದೆ ಕೈ ಏಳಲಿಲ್ಲ. ದೊಡ್ಡವ್ವ ನನ್ನ ಮುಖ ನೋಡಿದಳು. ನೋಡಿ, ನನ್ನ ಎಡಗೈಯನ್ನು ಎಳೆದುಕೊಂಡು ಅಂಗೈ ಬಿಡಿಸಿ ಲಿಂಗವನ್ನು ಅದರಲ್ಲಿಟ್ಟಳು.

"ಹಿಡಿ. ನಿಮ್ಮವ್ವಂದು."

ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದೆಂದು ನನಗೆ ಕಲಿಸಿದವಳೇ ಅವಳು. ಅದು ನೇರಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ ನುಣ್ಣಗೆ, ನೀರು ಎರೆದಿದ್ದರೂ ಬೆಚ್ಚಗಿತ್ತು. ಎಷ್ಟು ಹೊತ್ತು ಹಿಡಿದಿದ್ದೆನೋ ತಿಳಿಯದು. ಅವಳು ಅದನ್ನು ಮರಳಿ ತೆಗೆದುಕೊಂಡಳು, ಒರೆಸಿದಳು, ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಳು. ಒಂದು ಹಿಡಿ ಮಣ್ಣನ್ನೂ ಎತ್ತಿಕೊಳ್ಳಲಿಲ್ಲ. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಸವತೆಬಳ್ಳಿಯ ಬುಡಕ್ಕೆ ಹೊಯ್ದು, ಎಬ್ಬಿಸೆಂದು ನನ್ನತ್ತ ಕೈ ಚಾಚಿದಳು. ಯಾಕೆಂದು ಕೇಳಿದರೆ ಮನಸ್ಸು ಬದಲಿಸಿಯಾಳೆಂದು ಹೆದರಿ ನಾನು ಕುರ್ಪಿಯನ್ನು ಬೇಗ ಟವೆಲ್ಲಿನಲ್ಲಿ ಸುತ್ತಿದೆ.

ಕಟ್ಟೆಯ ಮೇಲೆ ಕೂತು ಐವರೂ ನಮ್ಮ ಬುತ್ತಿ ಬಿಚ್ಚಿದೆವು: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರಫೀಕನ ಬಾಟಲಿಯ ನೀರನ್ನು ದೊಡ್ಡವ್ವ ಅರ್ಧ ಕುಡಿದಳು. ಕೊಳ್ಳ ಹತ್ತಿ ಚಪ್ಪಟೆ ಬಂಡೆಗೆ ಬಂದಾಗ ರಫೀಕ ಕೇಳದೆಯೇ ಗಾಡಿ ನಿಲ್ಲಿಸಿದ. ನಾವೆಲ್ಲ ಹಿಂದಿರುಗಿ ನೋಡಿದೆವು. ಅಲ್ಲಿಂದ ನಮ್ಮ ಹೆಜ್ಜೆ ಕಾಣುತ್ತಿರಲಿಲ್ಲ, ಗಾಲಿಯ ಗೆರೆಗಳು ಮಾತ್ರ ಕಂಡವು. ಮಳೆ ಬಿದ್ದು ನೀರು ಏರಲು ಇನ್ನೊಂದು ತಿಂಗಳು, ಅಷ್ಟರೊಳಗೆ ಸವತೆಕಾಯಿ ಸಂತೆಗೆ ಹೋಗುತ್ತವೆ ಅಂದ ಅವನು.

ಮುನವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಸಂಜೆಯಾಗಿತ್ತು. ಕಲ್ಲಿನ ಬೆಂಚು ಇನ್ನೂ ಕಾದಿತ್ತು. ದೊಡ್ಡವ್ವ ಮಜ್ಜಿಗೆ ಕುಡಿದು ಲೋಟವನ್ನು ಕೊಟ್ಟು ಬಂದು ಕೂತಳು. ನಾನು ಆಗ ಕೇಳಿದೆ.

"ಸ್ವಾಮಿಗೋಳಿಗೆ ಏನ ಹೇಳ್ತಿ ದೊಡ್ಡವ್ವ?"

"ಹೊಸಾದ ಬ್ಯಾಡ್ರಿ ಅಂತೇನಿ." ಅವಳು ಮೊಣಕಾಲು ನೀವಿಕೊಂಡಳು. "ನಾಲ್ವತ್ತ ವರ್ಷ ಆಕಿ ನಂದನ್ನ ಹಿಡ್ಕೊಂಡ ಕುಂತಾಳ, ಕೈ ಬಿಟ್ಟಿಲ್ಲ. ನಾ ಆಕೀದನ್ನ ಮಣ್ಣಾಗ ಒಗದು ಹೊಸಾದ ಕಟ್ಕೊಳ್ಳಲೇನು? ನಾ ಸತ್ತಾಗ ಇದನ್ನ ನನ್ನ ಕೈಯಾಗ ಇಡು. ಮತ್ತ್ಯಾರೂ ಅಲ್ಲ, ನೀನ ಇಡು. ಅಲ್ಲಿ ಹ್ವಾದ ಮ್ಯಾಲೆ ಇಬ್ರೂ ಬದಲಿ ಮಾಡ್ಕೊಂತೇವಿ."

ಆಗಲಿ ಅಂದೆ. ತಾಯಿ ಸತ್ತ ದಿನ ನಾನು ಅಂಗಳದಲ್ಲಿ ಆಡಿಕೊಂಡಿದ್ದೆನಂತೆ, ಆಮೇಲೂ ಯಾವತ್ತೂ ಅವಳಿಗಾಗಿ ಅತ್ತವಳಲ್ಲ. ಗುರುತಿಲ್ಲದ ಜನರ ನಡುವೆ, ಬೈಲಹೊಂಗಲದ ಬಸ್ಸು ಬಂದು ನಿಂತು ಕಂಡಕ್ಟರು ಸೀಟಿ ಊದುತ್ತಿರುವಾಗ, ದೊಡ್ಡವ್ವನ ತೊಡೆಯ ಮೇಲೆ ತಲೆಯಿಟ್ಟು ನಾನು ನಮ್ಮವ್ವನಿಗಾಗಿ ಮೊದಲ ಸಲ ಅತ್ತೆ.